ಐಬಿ ತಗೊಂಡ್ರ ಫಾರಿನ್ ಜಾಬ್ ಸಿಗತೈತೇನ್ರಿ?

ಪ್ರಶ್ನೆ: ಬಿಕಾಂ ಮುಗಿದೈತ್ರಿ ಸರ, ಊರು ತಿಕೋಟಾ ಹತ್ರ. ಎಂಬಿಎದಾಗ ಇಂಟರ್‌ನ್ಯಾಷನಲ್ ಬಿಸಿನೆಸ್ (ಐಬಿ) ತಗೊಂಡ್ರ ಫಾರಿನ್ನಾಗ ಜಾಬ್ ಸಿಗತೈತೇನ್ರಿ?

ಉತ್ತರ: ಇಲ್ಲ. ಎಂಬಿಎ ಪ್ರವೇಶ ಪರೀಕ್ಷೆ ಪಿಜಿಸಿಇಟಿಯ ಅರ್ಜಿ ಬಿಟ್ಟ ವಾರವೇ ಈ ಪ್ರಶ್ನೆ ಬರುತ್ತದೆ. ಅಣ್ಣನಿಗೆ ಕೊಟ್ಟ ಉತ್ತರ ಮನೆಯಲ್ಲೇ ಇದ್ದರೂ ಮುಂದಿನ ವರ್ಷ ತಮ್ಮ ಮತ್ತೆ ಕೇಳುತ್ತಾನೆ. ಅದಕ್ಕೇ ಈ ಸಲ ಬಿಡಿಸಿ ಬರೆಯುತ್ತೇನೆ, ಪೂರ್ತಿ ಓದಿ.

ಹೊರದೇಶದ ಕೆಲಸಕ್ಕೆ ಬೇಕಾದದ್ದು ಅಲ್ಲಿನ ಕೆಲಸದ ವೀಸಾ. ಅದು ನಿಮ್ಮ ಮಾರ್ಕ್ಸ್ ಕಾರ್ಡಿನ ಮೇಲೆ ಯಾವ ವಿಷಯದ ಹೆಸರಿದೆ ಎಂದು ನೋಡಿ ಬರುವುದಿಲ್ಲ. ಅಮೆರಿಕದ ಎಚ್-1ಬಿ ನೋಡಿ: ವರ್ಷಕ್ಕೆ 65,000 ವೀಸಾ, ಜೊತೆಗೆ ಅಮೆರಿಕದಲ್ಲೇ ಸ್ನಾತಕೋತ್ತರ ಪದವಿ ಮಾಡಿದವರಿಗೆ 20,000. ಬೆಳಗಾವಿಯಲ್ಲಿ ಮಾಡಿದ ಎಂಬಿಎ ಈ ಎರಡನೇ ಲೆಕ್ಕಕ್ಕೆ ಬರುವುದೇ ಇಲ್ಲ. ಮೊದಲನೆಯದಕ್ಕೂ ಅಲ್ಲಿನ ಕಂಪನಿಯೇ ಅರ್ಜಿ ಹಾಕಬೇಕು, ನೀವಲ್ಲ. ಬ್ರಿಟನ್ನಿನ ಗ್ರಾಜುಯೇಟ್ ವೀಸಾ ಅಲ್ಲಿ ಓದಿದವರಿಗೆ ಮಾತ್ರ.

‘ಹಂಗಾರ ಅಮೆರಿಕಾಕ್ಕs ಹೋಗಿ ಐಬಿ ಓದ್ತೀನಿ’ ಅನ್ನುವವರಿಗೂ ಒಂದು ಮಾತು. ಓದು ಮುಗಿದ ಮೇಲೆ ಅಲ್ಲಿ ದುಡಿಯಲು ಸಿಗುವ ಒಪಿಟಿ ಅವಧಿ 12 ತಿಂಗಳು. ಕೋರ್ಸ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು ಸಿಗಬಹುದು. ಅಲ್ಲಿ ಪ್ರತಿ ಕೋರ್ಸಿಗೂ ಸಿಐಪಿ ಎಂಬ ಕೋಡ್ ಇರುತ್ತದೆ. ಇಂಟರ್‌ನ್ಯಾಷನಲ್ ಬಿಸಿನೆಸ್ಸಿನದು 52.1101, ಅದು ಸ್ಟೆಮ್ ಪಟ್ಟಿಯಲ್ಲಿಲ್ಲ. 52.1301, ಅಂದರೆ ಮ್ಯಾನೇಜ್‌ಮೆಂಟ್ ಸೈನ್ಸ್, ಇದೆ. ಈ ಕೋಡ್ ವಿದ್ಯಾರ್ಥಿ ವೀಸಾಕ್ಕೆಂದು ವಿಶ್ವವಿದ್ಯಾಲಯ ಕೊಡುವ ಐ-20 ಪತ್ರದಲ್ಲೇ ಅಚ್ಚಾಗಿರುತ್ತದೆ. ಮನೆ, ಹೊಲ ಅಡವಿಟ್ಟು ಎಜುಕೇಶನ್ ಲೋನ್ ಎತ್ತುವ ಮೊದಲೇ ವಿಶ್ವವಿದ್ಯಾಲಯಕ್ಕೆ ಇಮೇಲ್ ಮಾಡಿ ಕೇಳಿಕೊಳ್ಳಿ. ಏಜೆಂಟರನ್ನು ಕೇಳಬೇಡಿ, ಅವರು ‘ಎಲ್ಲಾ ಆಗತೈತಿ’ ಅಂತಲೇ ಹೇಳುತ್ತಾರೆ.

ಹಾಗಿದ್ದರೆ ಐಬಿ ಓದಿದವರು ಮಾಡುವುದೇನು? ಬಹುಪಾಲು ಇಲ್ಲೇ ಕುಳಿತು ಹೊರದೇಶದ ವ್ಯವಹಾರ ನಡೆಸುತ್ತಾರೆ. ಬೆಳಗಾವಿ ಉದ್ಯಮಬಾಗದ ಫೌಂಡ್ರಿ, ಹತ್ತರಗಿಯ ವಿಮಾನ ಬಿಡಿಭಾಗದ ಕಾರ್ಖಾನೆ, ಮುಂಬೈ ಪಕ್ಕದ ನ್ಹಾವಾ ಶೇವಾ ಬಂದರಿನ ಫ್ರೈಟ್ ಫಾರ್ವರ್ಡರ್ (ಸರಕು ಸಾಗಣೆ ಏಜೆಂಟ್), ಬ್ಯಾಂಕಿನ ಫಾರೆಕ್ಸ್ (ವಿದೇಶಿ ವಿನಿಮಯ) ವಿಭಾಗ, ಇಂಥ ಕಡೆ. ಇದನ್ನು ಸಣ್ಣ ಕೆಲಸ ಅಂದುಕೊಂಡವರಿಗೆ ಒಂದೇ ಒಂದು ಎಲ್‌ಸಿ ಕೈಗೆ ಕೊಟ್ಟು ನೋಡಬೇಕು. ಎಲ್‌ಸಿ ಎಂದರೆ ಲೆಟರ್ ಆಫ್ ಕ್ರೆಡಿಟ್, ಹೇಳಿದಂತೆ ಕಾಗದ ಕೊಟ್ಟರೆ ದುಡ್ಡು ಕೊಡುತ್ತೇನೆಂದು ಕೊಳ್ಳುವವರ ಬ್ಯಾಂಕ್ ಬರೆದುಕೊಡುವ ಪತ್ರ.

ದುಬೈಗೆ ಒಣದ್ರಾಕ್ಷಿ ಹೊರಟಿದೆ ಅಂದುಕೊಳ್ಳಿ. ಎಲ್‌ಸಿಯಲ್ಲಿ ‘10 ಕೆಜಿಯ 1,400 ಕಾರ್ಟನ್, ಭಾಗಶಃ ರವಾನೆಗೆ ಅವಕಾಶವಿಲ್ಲ’ ಎಂದಿದೆ. ಲೋಡ್ ಮಾಡುವಾಗ ಹತ್ತು ಕಾರ್ಟನ್ ಮಳೆಗೆ ನೆನೆದವು, 1,390 ಹೋದವು. ‘ಹತ್ತs ಕಡಿಮಿ ಅಲ್ಲೇನ್ರಿ’ ಅಂದರೆ ಬ್ಯಾಂಕ್ ಕೇಳುವುದಿಲ್ಲ, ಡಿಸ್ಕ್ರೆಪೆನ್ಸಿ (ಹೊಂದಾಣಿಕೆ ಇಲ್ಲ) ಎಂದು ಬರೆದು ದುಡ್ಡು ತಡೆಯುತ್ತದೆ. ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600ರ 30ನೇ ವಿಧಿ ಪ್ರಮಾಣದಲ್ಲಿ ಶೇ 5ರಷ್ಟು ಹೆಚ್ಚುಕಡಿಮೆ ಒಪ್ಪುತ್ತದೆ, ಆದರೆ ಪೆಟ್ಟಿಗೆ ಎಣಿಸಿ ಸಂಖ್ಯೆ ಬರೆದಿದ್ದರೆ ಒಪ್ಪುವುದಿಲ್ಲ. ‘14 ಟನ್’ ಎಂದಷ್ಟೇ ಬರೆಸಿದ್ದರೆ 13.9 ಟನ್ ನಡೆದುಹೋಗುತ್ತಿತ್ತು. ಅಂದರೆ ತಪ್ಪಾದದ್ದು ಲೋಡಿಂಗ್ ದಿನವಲ್ಲ, ಎಲ್‌ಸಿಯ ಕರಡು ಬಂದ ದಿನ ಯಾರೂ ಓದದೆ ‘ಓಕೆ’ ಅಂದಾಗ. ಇನ್ನು ಎಲ್‌ಸಿಯಲ್ಲಿ ಬೇರೆ ಗಡುವು ಇಲ್ಲದಿದ್ದರೆ, ಸರಕು ಹಡಗೇರಿದ 21 ದಿನದೊಳಗೆ, ಎಲ್‌ಸಿ ಅವಧಿ ಮುಗಿಯುವ ಮೊದಲೇ, ಕಾಗದ ಬ್ಯಾಂಕಿಗೆ ಮುಟ್ಟಬೇಕು. ಪರಿಶೀಲಿಸಲು ಬ್ಯಾಂಕಿಗೆ ಇರುವುದು ಐದು ಕೆಲಸದ ದಿನ. ದ್ರಾಕ್ಷಿ ಎಷ್ಟು ಸಿಹಿ ಎಂದು ಅವರು ತಿಂದು ನೋಡುವುದಿಲ್ಲ, ಕಾಗದ ಮಾತ್ರ ನೋಡುತ್ತಾರೆ. ಇದನ್ನು ಸರಿಯಾಗಿ ಬಲ್ಲ ಹುಡುಗ ಅಥವಾ ಹುಡುಗಿಗೆ ಕೆಲಸದ ಬರ ಇರುವುದಿಲ್ಲ.

ಕಾಲೇಜಿನ ವಿಚಾರ ಚುಟುಕಾಗಿ. ಪಿಜಿಸಿಇಟಿಗೆ ಪದವಿಯಲ್ಲಿ ಶೇ 50 ಬೇಕು. ಪರಿಶಿಷ್ಟ ಜಾತಿ, ಪಂಗಡ, ಪ್ರವರ್ಗ-1ಕ್ಕೆ ಶೇ 45. 1963ರಲ್ಲಿ ಶುರುವಾದ ದೆಹಲಿಯ ಐಐಎಫ್‌ಟಿ ಇದೇ ವಿಷಯಕ್ಕೆ ಮೀಸಲಾದದ್ದು, ಅಲ್ಲಿಗೆ ಈಗ ಕ್ಯಾಟ್ ಬರೆಯಬೇಕು. ಉಳಿದ ಕಡೆ ಐಬಿ ಎಂದರೆ ಎಷ್ಟೋ ಸಲ ಎರಡನೇ ವರ್ಷದ ನಾಲ್ಕಾರು ಪೇಪರ್ ಅಷ್ಟೇ. ಬ್ರೋಷರ್ ಪಕ್ಕಕ್ಕಿಟ್ಟು ಸಿಲೆಬಸ್ ತೆಗೆಸಿ. ಎಕ್ಸ್‌ಪೋರ್ಟ್ ಡಾಕ್ಯುಮೆಂಟೇಶನ್, ಫಾರೆಕ್ಸ್, ಲಾಜಿಸ್ಟಿಕ್ಸ್ ಮೂರೂ ಇವೆಯೇ? ಪಾಠದಲ್ಲಿ ಇರುವುದು ಇನ್‌ಕೋಟರ್ಮ್ಸ್ 2020ರ (ಸಾಗಣೆಯ ಖರ್ಚು, ಹೊಣೆ ಯಾರದು ಎಂದು ಹೇಳುವ ನಿಯಮಗಳ) ಹನ್ನೊಂದು ಷರತ್ತುಗಳೋ, ಹಳೆಯ ಹದಿಮೂರೋ? ಹದಿಮೂರು ಎಂದಿದ್ದರೆ ಆ ನೋಟ್ಸ್ 2010ಕ್ಕಿಂತ ಹಿಂದಿನದು.

ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ತಾಸಗಾಂವದ ಒಣದ್ರಾಕ್ಷಿ ಮಾರುಕಟ್ಟೆಗೆ ಮಾಲು ಹೊತ್ತು ಹಾಕುವ ಬದಲು ಅಪ್ಪನ ಒಣದ್ರಾಕ್ಷಿಯನ್ನು ತಾನೇ ಹೊರಗೆ ಕಳಿಸಲು ಎಂಬಿಎ ಮಾಡಬೇಕೇ? ಬೇಡ. ರಫ್ತಿಗೆ ಬೇಕಾದ ಐಇಸಿ ನಂಬರಿಗೆ ಯಾವ ಪದವಿಯೂ ಬೇಡ. ಪ್ಯಾನ್, ವಿಳಾಸದ ದಾಖಲೆ, ಕ್ಯಾನ್ಸಲ್ ಮಾಡಿದ ಚೆಕ್ ಹಿಡಿದು ಕೇಂದ್ರದ ವಿದೇಶಿ ವ್ಯಾಪಾರ ಇಲಾಖೆ ಡಿಜಿಎಫ್‌ಟಿಯ ಸೈಟಿನಲ್ಲಿ 500 ರೂಪಾಯಿ ಕಟ್ಟಿದರೆ ಆಯಿತು. ನಿಮ್ಮ ಪ್ಯಾನ್ ನಂಬರೇ ಐಇಸಿ ನಂಬರ್. ಆಮೇಲೆ ಕೃಷಿ ರಫ್ತು ಸಂಸ್ಥೆ ಅಪೇಡಾದ ಆರ್‌ಸಿಎಂಸಿ (ನೋಂದಣಿ ಪತ್ರ), ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್, ವಿದೇಶಿ ವಿನಿಮಯ ನಡೆಸುವ ನಿಮ್ಮ ಬ್ಯಾಂಕ್ ಶಾಖೆಯ ಎಡಿ ಕೋಡ್. ಹೊಸಬರು ಮುಗ್ಗರಿಸುವುದು ಈ ಕೊನೆಯದರಲ್ಲಿ: ಎಡಿ ಕೋಡನ್ನು ಕಸ್ಟಮ್ಸ್‌ನ ಪೋರ್ಟಲ್ ಐಸ್‌ಗೇಟ್‌ನಲ್ಲಿ ನೋಂದಾಯಿಸದೆ ಲಾರಿ ಕಳಿಸಿದರೆ ಕಸ್ಟಮ್ಸ್‌ಗೆ ಕೊಡಬೇಕಾದ ಶಿಪ್ಪಿಂಗ್ ಬಿಲ್ ಏಳುವುದಿಲ್ಲ, ಕಂಟೇನರ್ ಬಂದರಿನಲ್ಲಿ ಬಾಡಿಗೆ ತಿನ್ನುತ್ತಾ ಕೂಡುತ್ತದೆ. ಇನ್ನೊಂದು, ವಿಳಾಸ ಬದಲಾಗಿರಲಿ ಬಿಡಲಿ, ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಐಇಸಿ ವಿವರ ಒಮ್ಮೆ ಖಚಿತಪಡಿಸಬೇಕು. ಮರೆತರೆ ನಂಬರ್ ನಿಷ್ಕ್ರಿಯವಾಗುತ್ತದೆ, ಅದು ಗೊತ್ತಾಗುವುದು ಮಾಲು ಲೋಡ್ ಆದ ಮೇಲೆಯೇ.