ಕೆರೆಯಂಚಿನ ಮೊಣಕಾಲುದ್ದ ನೀರು

ಕೆರೆ ತುಂಬಿದಷ್ಟೂ ಹಕ್ಕಿಗಳು ಹೆಚ್ಚು ಬರುತ್ತವೆ ಎಂದು ನಮ್ಮ ಕೊಪ್ಪಳ ಸೀಮೆಯಲ್ಲಿ ಅನೇಕರು ನಂಬಿದ್ದಾರೆ. ಮಳೆಗಾಗಿ ಮುಗಿಲು ನೋಡುವ ಜನ ಹಾಗೆ ಎಣಿಸುವುದು ಸಹಜ. ಆದರೆ ತುಂಗಭದ್ರಾ ಹಿನ್ನೀರು ಇಳಿಯತೊಡಗಿದಾಗ ದಂಡೆಗೆ ಹೋಗಿ ನೋಡಿ: ಹಕ್ಕಿಗಳು ಕಿಕ್ಕಿರಿಯುವುದು ನಡುನೀರಿನಲ್ಲಲ್ಲ, ಕೆಸರಿನ ಅಂಚಿನಲ್ಲಿ.

ಬಣ್ಣದ ಕೊಕ್ಕರೆಯನ್ನೇ ಗಮನಿಸಿ. ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ, ಅತ್ತಿತ್ತ ಆಡಿಸುತ್ತ, ಕಾಲಿನಿಂದ ತಳವನ್ನು ಕದಡುತ್ತ ಮೆಲ್ಲನೆ ನಡೆಯುತ್ತದೆ. ಮೀನು ತಾಗಿದೊಡನೆ ಕೊಕ್ಕು ಮುಚ್ಚಿಕೊಳ್ಳುತ್ತದೆ. ಕಣ್ಣಿಗಿಂತ ಹೆಚ್ಚಾಗಿ ಸ್ಪರ್ಶವನ್ನೇ ನಂಬಿದ ಬೇಟೆ ಇದು. ನೀರು ರಾಡಿಯಾಗಿದ್ದರೂ ನಡೆಯುತ್ತದೆ, ಕಾಲಿಗೆ ನಿಲುಕದಷ್ಟು ಆಳವಾದರೆ ನಡೆಯುವುದಿಲ್ಲ. ಮೆಟ್ಟುಗಾಲು ಹಕ್ಕಿಗೆ ಇನ್ನೂ ತೆಳುವಾದ ನೀರು ಬೇಕು, ಗದ್ದೆಗೊರವಕ್ಕೆ ಒದ್ದೆ ಮಣ್ಣೇ ಸಾಕು. ಮುಳುಗಿ ಮೀನು ಹಿಡಿಯುವ ನೀರುಕಾಗೆಗೆ ಮಾತ್ರ ಆಳ ಒಗ್ಗುತ್ತದೆ.

ಹೀಗಿರುವಾಗ ಹೂಳೆತ್ತುವ ಹೆಸರಿನಲ್ಲಿ ಕೆರೆಯನ್ನು ಉದ್ದಗಲಕ್ಕೂ ಒಂದೇ ಆಳಕ್ಕೆ ಅಗೆದು, ಸುತ್ತಲೂ ಕಡಿದಾಗಿ ಕಲ್ಲು ಕಟ್ಟಿದರೆ ನೀರು ಉಳಿಯುತ್ತದೆ, ಕೊಕ್ಕರೆ ಉಳಿಯುವುದಿಲ್ಲ. ಹೂಳು ತೆಗೆಯಲೇಬಾರದು ಎನ್ನುತ್ತಿಲ್ಲ. ಏರಿಯ ಬದಿಯಲ್ಲಿ ಆಳ ಮಾಡಲಿ; ಹಳ್ಳ ಬಂದು ಸೇರುವ ಬದಿಯ ಇಳಿಜಾರನ್ನೂ ಅಲ್ಲಿನ ಆಪು, ಜೊಂಡನ್ನೂ ಬಿಡಲಿ. ಆ ಜೊಂಡು ಹರಿದುಬರುವ ನೀರಿನ ವೇಗ ತಗ್ಗಿಸಿ ಹೊಸ ಹೂಳನ್ನು ತಡೆಯುತ್ತದೆ, ಹಾಗಾಗಿ ರೈತರಿಗೂ ಲಾಭವೇ. ಕೆರೆಯೊಳಗಿನ ಮರಗಳನ್ನು ಕಸವೆಂದು ಕಡಿಯುವುದೂ ತಪ್ಪು. 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ, ಈಗ ವಿಜಯನಗರಕ್ಕೆ ಸೇರಿದ ಅಂಕಸಮುದ್ರದಲ್ಲಿ ನೀರಹಕ್ಕಿಗಳು ಗೂಡು ಕಟ್ಟುವುದು ಕೆರೆಯೊಳಗಿನ ಕರಿಜಾಲಿ ಮರಗಳಲ್ಲೇ. ಆ ಕೆರೆ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿ ಸೇರಿತು.

ನೀರಿನ ಕೆಲಸಕ್ಕೆ ಕೈಜೋಡಿಸುವುದನ್ನು ಇಲ್ಲಿನ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ. 2019ರಲ್ಲಿ ಕೊಪ್ಪಳದ ಗವಿಮಠದ ಕರೆಗೆ ಓಗೊಟ್ಟು ಹಿರೇಹಳ್ಳವನ್ನು ಹಸನು ಮಾಡಿದವರು ಇವರೇ. ಕೊರತೆಯಿರುವುದು ಹಕ್ಕಿಯ ಕಾಲಳತೆಯ ತಿಳಿವಳಿಕೆಯಲ್ಲಿ. ಅದನ್ನು ಭಿತ್ತಿಪತ್ರದ ಘೋಷಣೆಗಳು ಕೊಡಲಾರವು. ಶಾಲೆಯ ಮಕ್ಕಳನ್ನು ಶಿಕ್ಷಕರು ದಂಡೆಗೆ ಕರೆದೊಯ್ಯಲಿ. ದೂರದಲ್ಲೇ ನಿಂತು ಯಾವ ಹಕ್ಕಿ ಎಲ್ಲಿ ಮೇಯುತ್ತಿದೆ, ನೀರು ಅದರ ಕಾಲಿನ ಎಲ್ಲಿಯವರೆಗೆ ಬಂದಿದೆ ಎಂದು ಮಕ್ಕಳು ಕೆರೆಯ ನಕ್ಷೆಯಲ್ಲಿ ಗುರುತಿಸಲಿ. ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ಹೀಗೆ ಮಾಡಿದರೆ ಉಳಿಸಬೇಕಾದ ಅಂಚು ಯಾವುದೆಂದು ಊರಿಗೇ ತಿಳಿಯುತ್ತದೆ. ಹೂಳೆತ್ತುವ ಕಾಮಗಾರಿಗೆ ಒಪ್ಪಿಗೆ ಕೊಡುವ ಮೊದಲು ಗ್ರಾಮಸಭೆ ಆ ನಕ್ಷೆಯನ್ನು ತರಿಸಿ ನೋಡಲಿ.