ಡೈವ್ ಮುಗಿದ ಮೇಲೆ ಟಿಪ್ಸ್: ಯಾರಿಗೆ, ಎಷ್ಟು, ಯಾವಾಗ?

ಸ್ಕೂಬಾ ಡೈವಿಂಗ್ ಮುಗಿಸಿ ನೇತ್ರಾಣಿ ದ್ವೀಪದಿಂದ ದೋಣಿ ಮುರುಡೇಶ್ವರಕ್ಕೆ ವಾಪಸ್ ಬರುವಾಗ ಗಂಡ ಹೆಂಡತಿ ಮಧ್ಯೆ ಒಂದು ಪಿಸುಮಾತು ನಡೆಯುತ್ತದೆ. "ಇವರಿಗೆ ಏನಾದ್ರೂ ಕೊಡ್ಬೇಕಾ? ಪ್ಯಾಕೇಜ್‌ನಲ್ಲೇ ಎಲ್ಲಾ ಸೇರಿದೆ ಅಲ್ವಾ?" ಎಂಜಿನ್ ಸದ್ದಿನಲ್ಲಿ ಡೈವ್ ಮಾಡಿಸುವ ನಮಗೆ ಕೇಳಿಸುವುದಿಲ್ಲ ಅಂದುಕೊಂಡಿರುತ್ತಾರೆ. ಚೆನ್ನಾಗಿಯೇ ಕೇಳಿಸುತ್ತದೆ.

ಟಿಪ್ಸ್ ತಗೊಳ್ಳುವವನೇ ಟಿಪ್ಸ್ ಬಗ್ಗೆ ಬರೆದರೆ ನಂಬುವುದು ಹೇಗೆ ಅಂತ ನೀವು ಕೇಳಬಹುದು. ಸರಿಯಾದ ಅನುಮಾನವೇ. ಆದರೂ ನೀರಿನ ಕೆಳಗೆ ಯಾವ ಕೆಲಸಕ್ಕೆ ಎಷ್ಟು ಶ್ರಮ ಬೀಳುತ್ತದೆ ಅನ್ನುವುದು ಮಾಡುವವನಿಗೇ ಗೊತ್ತಿರುವುದು.

ಮೊದಲು ನೇರ ಉತ್ತರ. ಕೊಡಲೇಬೇಕಾ? ಇಲ್ಲ. ಕೊಡದಿದ್ದರೆ ಯಾರೂ ಮುಖ ಸಿಂಡರಿಸಬಾರದು. ಕೊಡುವ ಮನಸ್ಸಿದ್ದರೆ, ನೀರಿಗಿಳಿಸಿದ ಇನ್‌ಸ್ಟ್ರಕ್ಟರ್‌ಗೆ ತಲಾ 200ರಿಂದ 500 ರೂಪಾಯಿ ಸಾಕು. ಮೊದಲ ಸಲ ಡೈವ್ ಮಾಡುವವರು ಹೆಚ್ಚಾಗಿ 5,000 ರೂಪಾಯಿ ಆಸುಪಾಸು ಕಟ್ಟಿರುತ್ತೀರಿ. ಅದರಲ್ಲಿ ದೋಣಿ, ಡೀಸೆಲ್, ಸಿಲಿಂಡರ್‌ಗೆ ಗಾಳಿ ತುಂಬುವುದು, ಊಟ, ವಿಡಿಯೊ ಎಲ್ಲ ಕಳೆದು ಇನ್‌ಸ್ಟ್ರಕ್ಟರ್ ಕೈಗೆ ಬರುವುದು ಸಣ್ಣ ಪಾಲು. ಎಷ್ಟೋ ಕಡೆ ಡೈವ್ ಲೆಕ್ಕದಲ್ಲಿ ಕೂಲಿ. ಮಳೆಗಾಲದಲ್ಲಿ ನಮ್ಮ ಕಡಲು ಬಂದ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಲವರು ಪುದುಚೇರಿ ಕಡೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಕೆಲವರು ಸುಮ್ನೆ ಊರಲ್ಲಿ ಕೂರುತ್ತಾರೆ.

ಈಗ ನನಗೆ ನಿಜಕ್ಕೂ ಹೇಳಬೇಕಾದ್ದು. ಜನ ಟಿಪ್ಸ್ ಕೊಡುವುದು ಮೀನು ನೋಡಿ. ನೀರು ತಿಳಿಯಾಗಿತ್ತು, ಆಮೆ ಕಂಡಿತು, ವಿಡಿಯೊ ಚೆನ್ನಾಗಿ ಬಂತು ಅಂದರೆ ನೋಟು ಹೊರಗೆ ಬರುತ್ತದೆ. ನೀರು ಕದಡಿದ್ದರೆ ಥ್ಯಾಂಕ್ಸ್ ಮಾತ್ರ. ಆದರೆ ತಿಳಿನೀರಿನ ದಿನ ನಮ್ಮ ಕೆಲಸ ಸಲೀಸು. ಕದಡಿದ ನೀರಲ್ಲಿ ನಿಮ್ಮನ್ನು ಕೈಯಳತೆ ದೂರಕ್ಕೂ ಬಿಡದೆ ಹಿಡಿದುಕೊಂಡು ಓಡಾಡಬೇಕು. ಕಿವಿಯ ಒತ್ತಡ ಬಿಡದೆ ಮೂರು ಮೀಟರ್‌ನಲ್ಲೇ ನಿಂತುಬಿಟ್ಟವರಿರುತ್ತಾರೆ. ಅವರನ್ನು ಒಂದು ಮೀಟರ್ ಮೇಲೆ ತಂದು, ಮೂಗು ಹಿಡಿಸಿ, ಮೆಲ್ಲಗೆ ಊದಿಸಿ, ಮತ್ತೆ ಇಳಿಸಬೇಕು. ಆಗಲಿಲ್ಲ ಅಂದರೆ ಮೇಲೆ ಕರೆತರಬೇಕು. ಹಟ ಮಾಡಿ ಇಳಿಸಿದರೆ ಕಿವಿತಮಟೆಗೇ ಪೆಟ್ಟು. ಹಾಗೆ ಮೇಲೆ ಬಂದ ಅತಿಥಿಗೆ ಏನೂ ನೋಡಲಿಲ್ಲ ಅನ್ನುವ ಬೇಸರ, ಟಿಪ್ಸ್ ಮಾತೇ ಇಲ್ಲ. ಅವತ್ತು ಇನ್‌ಸ್ಟ್ರಕ್ಟರ್ ಮಾಡಿದ್ದು ಆ ವಾರದ ಅತ್ಯುತ್ತಮ ಕೆಲಸ ಇರಬಹುದು. ನಿಮಗೆ "ಇನ್ನು ಇಳಿಯುವುದು ಬೇಡ" ಅಂದವರಿಗೂ ಒಮ್ಮೆ ಕೊಟ್ಟು ನೋಡಿ.

ಇನ್ನು ಯಾವಾಗ ಕೊಡಬೇಕು? ಡೈವ್ ಮುಗಿದು, ದಡ ಸೇರಿ, ಬಟ್ಟೆ ಬದಲಾಯಿಸಿದ ಮೇಲೆ. ಮೊದಲೇ ಕೊಡಬೇಡಿ. ಬೆಳಿಗ್ಗೆ ದೋಣಿ ಹತ್ತುವ ಮೊದಲೇ 500ರ ನೋಟು ಮಡಿಚಿ ಕೈಗಿಟ್ಟು, "ಸರ್, ನನ್ನನ್ನ ಸ್ವಲ್ಪ ಜಾಸ್ತಿ ಹೊತ್ತು ಇಟ್ಕೊಳ್ಳಿ, ಇನ್ನೂ ಆಳಕ್ಕೆ ಕರ್ಕೊಂಡು ಹೋಗಿ" ಅನ್ನುವವರಿದ್ದಾರೆ. ತರಬೇತಿ ಇಲ್ಲದವರಿಗೆ 12 ಮೀಟರ್ ಮಿತಿ. ಹೊತ್ತು ತೀರ್ಮಾನವಾಗುವುದು ಸಿಲಿಂಡರ್‌ನಲ್ಲಿ ಉಳಿದ ಗಾಳಿಯಿಂದ. ಗಾಬರಿಯಲ್ಲಿ ಉಸಿರೆಳೆದರೆ ಅದು ಬೇಗ ಖಾಲಿ. ಇಲ್ಲಿ ದುಡ್ಡಿಗೆ ಕೆಲಸವೇ ಇಲ್ಲ. "ಆಮೆ ಮುಟ್ಟಿಸಿ, ಫೋಟೊ ಬೇಕು" ಅನ್ನುವುದು ಇನ್ನೂ ಕೆಟ್ಟದ್ದು. ಕಡಲಾಮೆಗಳಿಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲೇ ರಕ್ಷಣೆ ಇದೆ. ದುಡ್ಡು ತಗೊಂಡು ಆಮೆ ಮುಟ್ಟಿಸುವ ಇನ್‌ಸ್ಟ್ರಕ್ಟರ್ ನಾಳೆ ದುಡ್ಡಿಗೋಸ್ಕರ ನಿಮ್ಮ ಸುರಕ್ಷತೆಯನ್ನೂ ಸಡಿಲ ಬಿಡುತ್ತಾನೆ. ಅಂಥವರ ಜತೆ ನೀರಿಗಿಳಿಯಲೇಬೇಡಿ.

ಕೋರ್ಸ್ ಮಾಡುವವರಿಗೂ ಇದೇ ಮಾತು. ಡೈವಿಂಗ್ ಕಲಿಯುವವರ ಮೊದಲ ಹಂತದ ಓಪನ್ ವಾಟರ್ ಕೋರ್ಸ್‌ನಲ್ಲಿ 200 ಮೀಟರ್ ಈಜಬೇಕು, 10 ನಿಮಿಷ ತೇಲಬೇಕು, ನೀರೊಳಗೇ ಮಾಸ್ಕ್ ತೆಗೆದು ಮತ್ತೆ ಹಾಕಿಕೊಳ್ಳಬೇಕು. ಇವೆಲ್ಲ ಮುಗಿದು ಪಾಸಾದ ಮೇಲೆ ಏನಾದರೂ ಕೊಟ್ಟರೆ ಖುಷಿ. ಅದಕ್ಕೂ ಮೊದಲು ಒಂದು ಸಿಹಿ ಡಬ್ಬಿ ಕೊಟ್ಟರೂ ನಮಗೆ ಮುಜುಗರ.

ನಿಮ್ಮ ಕಣ್ಣಿಗೆ ಬೀಳದವರೂ ಇದ್ದಾರೆ. ಒಂದೊಂದೂ ಹದಿನಾಲ್ಕು ಹದಿನೈದು ಕೆಜಿ ತೂಗುವ ಸಿಲಿಂಡರ್‌ಗಳನ್ನು ಹೊತ್ತು ದೋಣಿಗೆ ಏರಿಸುವ ಹುಡುಗರು. ನಿಮಗೆ ವಾಂತಿ ಬಂದಾಗ ಬೆನ್ನು ಸವರಿ, ದೋಣಿ ತೊಳೆಯುವವರೂ ಅವರೇ. ನಾಲ್ಕು ಜನರ ಕುಟುಂಬ ಬಂದರೆ ದೋಣಿಯವರಿಗೆ ಒಟ್ಟಾಗಿ ಇನ್ನೂರೋ ಮುನ್ನೂರೋ ಕೊಡಿ. "ಎಲ್ಲರೂ ಹಂಚಿಕೊಳ್ಳಿ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಕೆಲವೊಮ್ಮೆ ಅದು ನಮ್ಮ ಜೇಬಿನಲ್ಲೇ ಉಳಿದುಬಿಡುತ್ತದೆ. ಇದನ್ನು ಬರೆದದ್ದಕ್ಕೆ ಜತೆಯವರು ಬೈಯಬಹುದು.

ವಿದೇಶದಲ್ಲಿರುವ ಕನ್ನಡಿಗರು ಊರಿನ ಲೆಕ್ಕ ಹಿಡಿದು ಹೋಗುವಂತಿಲ್ಲ. ಅಮೆರಿಕದಲ್ಲಿ ಸ್ಕೀ ಕಲಿಸುವವರಿಗೆ ಪಾಠದ ಶುಲ್ಕದ ಶೇ 10ರಿಂದ 20 ಕೊಡುವುದು ವಾಡಿಕೆ. ದೊಡ್ಡ ರೆಸಾರ್ಟ್‌ಗಳಲ್ಲಿ ಒಂದು ದಿನದ ಖಾಸಗಿ ಪಾಠ 1,000 ಡಾಲರ್ ದಾಟುತ್ತದೆ. ಅಷ್ಟು ಕಟ್ಟಿದ ಮೇಲೆ ಮತ್ತೇಕೆ ಅನ್ನಿಸುವುದು ಸಹಜ. ಆದರೆ ಅದರಲ್ಲಿ ಹೆಚ್ಚು ಪಾಲು ರೆಸಾರ್ಟ್‌ನದ್ದೇ. ಜಪಾನಿನಲ್ಲಿ ಟಿಪ್ಸ್ ಪದ್ಧತಿಯೇ ಇಲ್ಲ, ಕೊಟ್ಟರೆ ಅವರಿಗೇ ಇರಿಸುಮುರಿಸು.

ಇನ್ನೊಂದು ಸಣ್ಣ ವಿಷಯ. ಕಚೇರಿಯ ಕ್ಯೂಆರ್ ಕೋಡ್‌ಗೆ ಹಾಕಿದ ದುಡ್ಡು ಹೋಗುವುದು ಅಂಗಡಿಯ ಖಾತೆಗೆ. ಇನ್‌ಸ್ಟ್ರಕ್ಟರ್‌ಗೇ ಸೇರಬೇಕೆಂದರೆ ಅವರ ನಂಬರ್ ಕೇಳಿ, ಇಲ್ಲವೇ ಬ್ಯಾಗಿನಲ್ಲಿ ನಾಲ್ಕು ನೋಟು ಇಟ್ಟುಕೊಂಡು ಬನ್ನಿ. ನಿಮ್ಮನ್ನು ನೀರಿಗಿಳಿಸಿದವರು ಅಂಗಡಿಯ ಮಾಲೀಕರೇ ಆಗಿದ್ದರೆ ಅವರಿಗೆ ಟಿಪ್ಸ್ ಬೇಕಿಲ್ಲ. ಆ ದುಡ್ಡೂ ದೋಣಿಯ ಹುಡುಗರಿಗೇ ಹೋಗಲಿ.