‘ನನಗ ಅವತ್ತೇ ಗೊತ್ತಿತ್ತು’

ಬ್ಯಾಡಗಿ ಹತ್ತಿರದ ನಮ್ಮ ಕಾಕಾ ಮೆಣಸಿನಕಾಯಿ ಒಣಗಿದ ಕೂಡಲೇ ಮಾರ್ಕೆಟ್ಟಿಗೆ ಹಾಕಿ, ದುಡ್ಡು ಎಣಿಸಿಕೊಂಡು ಬರುವವರು. ಒಂದು ವರ್ಷ ಮಾತ್ರ ರೇಟ್ ಏರಲಿ ಎಂದು ಚೀಲಗಳನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟರು. ರೇಟ್ ಬಿತ್ತು. ಅಂದಿನಿಂದ ಒಂದೇ ರಾಗ: “ನನಗ ಅವತ್ತೇ ಗೊತ್ತಿತ್ತು ತಮ್ಮಾ, ಬೀಳ್ತೈತಿ ಅಂತ. ಗಾಡಿ ಬಿಡೂ ಮುಂದ ಎಡಗಣ್ಣ ಹಾರಿತ್ತು. ಗೊತ್ತಿದ್ದೂ ಇಟ್ನೆಲ್ಲ!”

ಪಕ್ಕದ ಹೊಲದವರು ಪ್ರತಿ ವರ್ಷವೂ ಇಡುವವರು. ಕಳೆದುಕೊಂಡದ್ದು ಹೆಚ್ಚುಕಡಿಮೆ ಅಷ್ಟೇ, ಆದರೆ ಆರಾಮ ಇದ್ದಾರೆ. 1982ರಲ್ಲಿ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ ಇಂಥದ್ದೇ ಕಥೆಯೊಂದನ್ನು ಕಟ್ಟಿ ಜನರ ಮುಂದಿಟ್ಟಿದ್ದರು. ಕಥೆಯಲ್ಲಿ ಇಬ್ಬರು, ಇಬ್ಬರಿಗೂ ಶೇರಿನಲ್ಲಿ 1,200 ಡಾಲರ್ ಲಾಭ ತಪ್ಪಿದೆ. ಒಬ್ಬ ಇದ್ದ ಶೇರು ಬಿಟ್ಟು ಬೇರೆಯದಕ್ಕೆ ಹಾರಿದವ, ಇನ್ನೊಬ್ಬ ಹಾರಬೇಕೆಂದುಕೊಂಡು ಇದ್ದಲ್ಲೇ ಇದ್ದವ. ಯಾರಿಗೆ ಹೆಚ್ಚು ಸಂಕಟ? ಶೇ 92 ಮಂದಿ ಹಾರಿದವನತ್ತ ಬೆರಳು ಮಾಡಿದರು. ‘ಹಂಗ ಮಾಡದಿದ್ದರ...’ ಎಂಬ ಕಲ್ಪನೆ ಸಲೀಸಾದಷ್ಟೂ ಹಳಹಳಿ ಹೆಚ್ಚು.

ಅದಿರಲಿ. ನನಗೆ ತಲೆಬಿಸಿ ಆ ‘ಗೊತ್ತಿತ್ತು’ ಎಂಬ ಮಾತಿನದು.

1972ರ ಫೆಬ್ರವರಿಯಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾದ ಬೀಜಿಂಗಿಗೆ ಹೋದರು. ಎರಡು ದಶಕ ಮುಖ ತಿರುಗಿಸಿ ಕೂತಿದ್ದ ದೇಶಗಳು. ಚೀನಾದ ನಾಯಕ ಮಾವೋ ಬೇರೆ ಕಾಯಿಲೆಯಿಂದ ಆಗಷ್ಟೇ ಎದ್ದಿದ್ದರು; ಭೇಟಿ ಆಗುತ್ತದೋ ಇಲ್ಲವೋ ಖಚಿತವಿರಲಿಲ್ಲ. ವಿಮಾನ ಇಳಿದ ದಿನವೇ ಆಯಿತು. ಈ ಪ್ರವಾಸದಲ್ಲಿ ಏನೇನಾಗಬಹುದು, ಎಷ್ಟು ಸಾಧ್ಯತೆ ಎಂದು ಮನಶ್ಶಾಸ್ತ್ರದ ಸಂಶೋಧಕರಾದ ಬರೂಕ್ ಫಿಶಾಫ್ ಮತ್ತು ರೂತ್ ಬೇಯ್ತ್ ಇಸ್ರೇಲಿನ ವಿದ್ಯಾರ್ಥಿಗಳಿಂದ ಮೊದಲೇ ಬರೆಸಿಕೊಂಡಿದ್ದರು. ಎಲ್ಲ ಮುಗಿದ ಮೇಲೆ, ಅಂದು ಎಷ್ಟು ಬರೆದಿದ್ದಿರಿ ಎಂದು ಕೇಳಿದರು. ಆಗಿಹೋದ ಸಂಗತಿಗಳಿಗೆ ಬಹಳಷ್ಟು ಜನ ತಾವು ಬರೆದದ್ದಕ್ಕಿಂತ ಹೆಚ್ಚು ಹೇಳಿದರು. ಸುಳ್ಳಾಡಿದ್ದಲ್ಲ, ಅವರಿಗೆ ಹಾಗೇ ನೆನಪಿತ್ತು.

ರಾತ್ರಿ ಬೆಚ್ಚಗಿನ ಹಾಲಿಗೆ ಒಂದು ಚಮಚ ಮಜ್ಜಿಗೆ ಬಿಟ್ಟು ಮುಚ್ಚಿಡಿ. ಬೆಳಿಗ್ಗೆ ಗಡಿಗೆ ತುಂಬ ಮೊಸರು. ಅದರಲ್ಲಿ ನಿನ್ನೆಯ ಹಾಲು ಎಲ್ಲಿದೆ, ತೋರಿಸಿ ನೋಡೋಣ! ಫಲಿತಾಂಶ ಅನ್ನುವುದು ನೆನಪಿಗೆ ಬಿದ್ದ ಹೆಪ್ಪು. ಅಥವಾ ಬ್ಯಾಡಗಿ ಕಾಯನ್ನೇ ತಗೊಳ್ಳಿ: ಖಾರ ಕಡಿಮೆ, ಬಣ್ಣ ಜಾಸ್ತಿ, ಲಿಪ್‌ಸ್ಟಿಕ್ಕಿಗೂ ಹೋಗುವಂಥ ಬಣ್ಣ. ಕಾದ ಎಣ್ಣೆಗೆ ಬಿತ್ತೆಂದರೆ ಎಣ್ಣೆ ಪೂರಾ ಕೆಂಪು. ಮೊದಲು ಹೇಗಿತ್ತೆಂದು ಬಾಣಲೆಯನ್ನು ಕೇಳಿದರೆ ಅದೇನು ಹೇಳೀತು? ಎಡಗಣ್ಣಿನ ಕಥೆಯೂ ಇದೇ. ನಿದ್ದೆಗೆಟ್ಟರೆ ಹಾರುತ್ತದೆ, ಚಹಾ ಹೆಚ್ಚಾದರೆ ಹಾರುತ್ತದೆ, ಯಾರೂ ಲೆಕ್ಕ ಇಡುವುದಿಲ್ಲ. ರೇಟ್ ಬಿದ್ದ ಮೇಲೆ ಅದರಲ್ಲೊಂದಕ್ಕೆ ಶಕುನದ ಪಟ್ಟ.

ಚೀಲ ಇಟ್ಟ ದಿನ ನಾನೇ ಹಠ ಹಿಡಿದು ಕಾಕಾನ ಕೈಯಿಂದ ಗೋಡೆಯ ಕ್ಯಾಲೆಂಡರಿನ ಮೇಲೆ ಒಂದು ಸಾಲು ಬರೆಸಿದ್ದೆ. ಮೊನ್ನೆ ಹಳೇ ಪತ್ರಗಳ ನಡುವಿನಿಂದ ಅದನ್ನು ಹುಡುಕಿ ಮುಂದೆ ಹಿಡಿದೆ. ಅರಿಶಿನದ ಕಲೆಯ ಪಕ್ಕ, ನೀಲಿ ಪೆನ್ನಿನಲ್ಲಿ: ‘ರೇಟ್ ಏರತೈತಿ. ಹದಿನಾಲ್ಕಾಣೆ ಖಾತ್ರಿ.’

ಕಾಕಾ ಕನ್ನಡಕ ಏರಿಸಿ ಎರಡು ಸಲ ಓದಿದರು.

“ಇದು ನನ್ನ ಅಕ್ಷರ ಅಲ್ಲ ಬಿಡು.”